ಹೆಚ್ಚು ದುಡಿದ ತಪ್ಪಿಗೆ

ವಿದ್ಯಾರ್ಥಿ ನೆರವು ವಿಭಾಗದ ಮಾನ್ಯ ನಿರ್ದೇಶಕರೇ,

ನನ್ನ ಮಗಳು ಲಿನಿಯಾಗೆ ತಮ್ಮ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ. ಅವಳನ್ನು ಅಲ್ಲಿಗೆ ಕಳಿಸಲು ನನ್ನಿಂದ ಆಗುತ್ತಿಲ್ಲ. ಕಾರಣ, ಎರಡು ವರ್ಷದ ಹಿಂದೆ ನಾನು ಹೆಚ್ಚು ದುಡಿದೆ.

ತಮ್ಮದು ನಮ್ಮ ತೆರಿಗೆಯಲ್ಲಿ ನಡೆಯುವ ಸರ್ಕಾರಿ ವಿಶ್ವವಿದ್ಯಾಲಯ, ಮಿಷಿಗನ್ನಿನ ಮಕ್ಕಳಿಗೆ ಬಲು ಅಗ್ಗ ಎನ್ನುತ್ತದೆ ತಮ್ಮ ಬಣ್ಣದ ಪುಸ್ತಿಕೆ. ಅದರಲ್ಲಿರುವ ಬೋಧನಾ ಶುಲ್ಕ ವರ್ಷಕ್ಕೆ ಹದಿನೈದು ಸಾವಿರ ಡಾಲರ್. ಹಾಸ್ಟೆಲು, ಊಟ, ಪುಸ್ತಕ, ಹೆಸರೇ ಅರ್ಥವಾಗದ ಇನ್ನಷ್ಟು ಶುಲ್ಕ ಸೇರಿ ಕೈಗೆ ಬಂದ ಬಿಲ್ಲು ಮೂವತ್ತೊಂದು ಸಾವಿರ. ತಾವು ಮಂಜೂರು ಮಾಡಿದ ‘ನೆರವು’ ಐದೂವರೆ ಸಾವಿರ, ಅದೂ ಸಾಲ. ಸಾಲಕ್ಕೆ ನೆರವೆಂದು ಹೆಸರಿಟ್ಟವರ ಔದಾರ್ಯಕ್ಕೆ ಏನೆನ್ನಲಿ? ಬಡವರಾಗಿದ್ದರೆ ತಾವು ಕೈಹಿಡಿಯುತ್ತಿದ್ದಿರಿ, ಸಿರಿವಂತರಾಗಿದ್ದರೆ ತಮ್ಮ ಹಂಗೇ ಇರುತ್ತಿರಲಿಲ್ಲ. ನಮ್ಮದು ಅತ್ತ ದರಿ, ಇತ್ತ ಪುಲಿ.

ನಾನು ಕೌಂಟಿಯ ರಸ್ತೆಗಳಲ್ಲಿ ಹಿಮ ತೆಗೆಯುವ ಲಾರಿ ಓಡಿಸುವವನು. ಆ ಚಳಿಗಾಲ ಹಿಮ ನಿಲ್ಲಲೇ ಇಲ್ಲ. ಮಗಳ ಓದಿಗಾಗುತ್ತದೆಂದು ಸಿಕ್ಕ ಓವರ್‌ಟೈಮನ್ನೆಲ್ಲ ಮಾಡಿದೆ, ಕ್ರಿಸ್‌ಮಸ್ ದಿನವೂ. ಆ ಹಣ ಮರುವರ್ಷ ನನ್ನ ಭುಜದ ಶಸ್ತ್ರಚಿಕಿತ್ಸೆಯಲ್ಲಿ, ಸಂಬಳವಿಲ್ಲದ ರಜೆಯಲ್ಲಿ ಕರಗಿತು. ಆದರೆ ನೆರವು ಕೊಡುವಾಗ ತಾವು ಲೆಕ್ಕಕ್ಕೆ ಹಿಡಿಯುವುದು ಎರಡು ವರ್ಷದ ಹಿಂದಿನ ತೆರಿಗೆ ಪತ್ರವನ್ನು. ಅದರಲ್ಲಿ ನಾನು ಇನ್ನೂ ಗಟ್ಟಿಮುಟ್ಟಾಗಿದ್ದೇನೆ.

ತಮ್ಮ ಕಚೇರಿಗೆ ಫೋನ್ ಮಾಡಿದೆ. ಎತ್ತಿದ ಹುಡುಗಿ ಪಾಪ, ಒಳ್ಳೆಯವಳೇ. “ಸರ್, ಆ ವರ್ಷ ನೀವು ಸ್ವಲ್ಪ ಕಮ್ಮಿ ದುಡಿದಿದ್ರೆ ಚೆನ್ನಾಗಿರೋದು” ಅಂದಳು. ಮೇಲ್ಮನವಿ ಹಾಕಿ ಆರು ವಾರವಾಯಿತು, ಇನ್ನೂ ‘ಪರಿಶೀಲನೆಯಲ್ಲಿದೆ’. ಸೀಟು ಉಳಿಸಿಕೊಳ್ಳಲು ಮುಂಗಡ ಕಟ್ಟಬೇಕು, ಅದಕ್ಕೆ ಮೇ ಒಂದು ಕೊನೆಯ ದಿನ. ಉಳಿದಿರುವುದು ಒಂಬತ್ತು ದಿನ.

ನಿನ್ನೆ ಊಟದ ಹೊತ್ತಿಗೆ ನನ್ನ ಹೆಂಡತಿ ಮಾರ್ಸಿ ನಗಿಸಲು ನೋಡಿದಳು. “ನಿಮ್ಮಪ್ಪನ ಮೇಲೆ ಒಂದು ಕೇಸ್ ಹಾಕ್ಬಿಡು ಕಣೇ, ಹೊತ್ತುಗೊತ್ತಿಲ್ದೆ ದುಡಿದಿದ್ದಕ್ಕೆ!”

ಮಗಳು ನಗಲಿಲ್ಲ. “ನಾನು ಹೋಗಲ್ಲ ಬಿಡಪ್ಪಾ. ನಾನು ಸಂಜೆ ಕೆಲಸಕ್ಕೆ ಹೋಗೋ ಅಂಗಡೀಲೇ ಪೂರ್ತಿ ದಿನದ ಕೆಲಸ ಕೊಡ್ತಾರಂತೆ. ನೀನು ಮತ್ತೆ ಹೆಚ್ಚಿನ ಪಾಳಿ ಕೇಳೋಕೆ ಹೋಗ್ಬೇಡ.”

ಅದೇ ಬೆಳಿಗ್ಗೆ ಕೇಳಿ ಬಂದಿದ್ದೆ. ಮೇಲಧಿಕಾರಿ ನನ್ನ ಭುಜದ ಕಡೆ ನೋಡಿ ಆಗಲ್ಲ ಅಂದಿದ್ದ. ನನಗೆ ಬೇರೆ ದಾರಿ ಕಾಣುತ್ತಿಲ್ಲ ಸ್ವಾಮಿ, ಭಯವಾಗುತ್ತಿದೆ.

ಮೇ ಒಂದರೊಳಗೆ ನನ್ನ ಈ ವರ್ಷದ ಸಂಬಳ ನೋಡಿ ಲೆಕ್ಕ ಹಾಕಿ. ಆಗದಿದ್ದರೆ ‘ವಿಷಾದಿಸುತ್ತೇವೆ’ ಎಂಬ ಪತ್ರ ನನಗೆ ಬೇಡ. ಲಿನಿಯಾ ಹೆಸರಿಗೇ ಬರೆಯಿರಿ: ನಿನ್ನಪ್ಪ ನಿನಗಾಗಿ ದುಡಿದದ್ದೇ ನಿನ್ನ ಓದಿಗೆ ಅಡ್ಡಿಯಾಯಿತು, ಎಂದು. ಅದನ್ನು ಅವಳಿಗೆ ಹೇಳಲು ನನಗೆ ಬಾಯಿ ಬರುತ್ತಿಲ್ಲ.

ಇಂತಿ,
ತಮ್ಮ ಕಡತದಲ್ಲಿ ಮಾತ್ರ ಸ್ಥಿತಿವಂತನಾದ
ವೇಯ್ನ್ ಹಾಪಾಲಾ