ಹಸೆಮಣೆಗೆ ಎರಡು ಹಲಗೆ

ಇಸ್ಸಾಕ್ವಾ
ಜೂನ್ 14, 2025

ಶರ್ವಾಣಿಯ ಅಪ್ಪನಿಗೆ,

ವಾಟ್ಸಾಪಿನಲ್ಲಿ ಏನೇ ಬರೆದರೂ ನೀವು ಒಂದು ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತೀರಿ. ಅದಕ್ಕೇ ಈ ಕಾಗದ. ಬೆಲ್ವ್ಯೂವಿನ ನಿಮ್ಮ ಹದಿನೇಳನೆಯ ಮಹಡಿಯಲ್ಲಿ ಓದುವುದಕ್ಕೆ ಪುರುಸೊತ್ತು ಬೇಕಾದಷ್ಟಿರುತ್ತದೆ. ಅರ್ಧಕ್ಕೆ ಮಡಿಚಿಡಬೇಡಿ.

ಮಗಳ ಮದುವೆಗೆ ಹಸೆಮಣೆಯನ್ನು ನಾನೇ ಮಾಡುತ್ತಿದ್ದೇನೆ. ನಗಬೇಡಿ. ಅದಕ್ಕೆಂದೇ ಒಂದು ಜಾಯಿಂಟರ್ ಕೊಂಡಿದ್ದೇನೆ. ಹಲಗೆಯ ಅಂಚನ್ನು ಹೆರೆದು ನೇರ ಮಾಡುವ ಯಂತ್ರ, ನಿಮ್ಮ ಹತ್ತಿರ ಇತ್ತಲ್ಲ, ಅಂಥದೇ, ಆದರೆ ಹೊಸದು. ನೀವು ಗ್ಯಾರೇಜಿನಲ್ಲಿ ಬಿಟ್ಟುಹೋದ ಮೇಪಲ್ ಹಲಗೆಗಳಿಗೆ ಉದ್ದವಿದೆ, ಅಗಲ ಸಾಲದು. ಎರಡನ್ನು ಪಕ್ಕಪಕ್ಕ ಅಂಟಿಸಿದರೇನೇ ಮದುಮಕ್ಕಳು ಕೂರುವಂಥ ಮಣೆಯಾಗುವುದು. ಯಂತ್ರ ಕೊಂಡಿದ್ದಕ್ಕೆ ಬೇರೆ ಅರ್ಥ ಹುಡುಕಬೇಡಿ.

ಅದನ್ನು ಇಳಿಸುವಾಗ ಪಕ್ಕದ ಮನೆಯ ವಹಾಬ್ ಬಂದು ಕೈ ಹಾಕಿದರು. "ಅಕ್ಕಾ, ಹುಷಾರು, ಬೆರಳು ಹೋದ್ರೆ ಆಮೇಲೆ ಟೈಪ್ ಮಾಡೋಕ್ಕೂ ಆಗಲ್ಲ" ಎಂದು ಹೆದರಿಸಿದರು. ಅವರ ಹೆಂಡತಿ ಗೌಹರ್ ಬಿಡಲಿಲ್ಲ, "ನೀವು ಸುಮ್ನಿರಿ, ಅವರು ಮಾಡ್ತಾರೆ" ಎಂದಳು. ಆ ಒಂದು ಮಾತಿಗಾಗಿ ಅವಳಿಗೆ ಎರಡು ಸಲ ಬಿಸಿಬೇಳೆಬಾತ್ ಕಳಿಸಿದ್ದೇನೆ.

ಹೊಸ ಯಂತ್ರ ಬಂದರೆ ಪೂಜೆ ಮಾಡದೆ ಇರುವವಳೇ ನಾನು? ತುಕ್ಕು ಹಿಡಿಯದಿರಲೆಂದು ಕಂಪನಿಯವರು ಬಳಿದಿದ್ದ ಗ್ರೀಸನ್ನೆಲ್ಲ ಒರೆಸಿ ತೆಗೆದೆ. ಹೊಳೆಯುತ್ತಿದ್ದ ಕಬ್ಬಿಣದ ಹಾಸಿನ ಮೇಲೆ ಅರಿಶಿನ ಕುಂಕುಮ ಕಲಸಿ ನಾಲ್ಕು ಬೊಟ್ಟಿಟ್ಟು ಕೈಮುಗಿದೆ. ಇಲ್ಲಿಯ ತೇವದ ಹವೆಗೆ ಕೇಳಬೇಕೆ? ವಾರ ಬಿಟ್ಟು ನೋಡಿದರೆ ಪ್ರತಿ ಬೊಟ್ಟಿನ ಅಡಿಯಲ್ಲೂ ತುಕ್ಕು. ಹಲಗೆ ತಳ್ಳಿದರೆ ಅಲ್ಲಲ್ಲೇ ತಡೆಯುತ್ತಿತ್ತು. ಎಣ್ಣೆ ಬಿಟ್ಟು, ಸ್ಯಾಂಡ್ ಪೇಪರ್ ಹಿಡಿದು ಉಜ್ಜಲು ಕೂತೆ. ಮೂರನೆಯ ಬೊಟ್ಟಿಗೆ ಬರುವ ಹೊತ್ತಿಗೆ ಕೈ ನಿಂತುಹೋಯಿತು.

ಆಚೆ ವರ್ಷದ ಆಯುಧಪೂಜೆ ನೆನಪಾಯಿತು. ಆಗ ನಿಮ್ಮ ಕೆಲಸ ಹೋಗಿ ಐದು ತಿಂಗಳು. ನಿಮ್ಮ ಯಂತ್ರಕ್ಕೂ ನಾನೇ ಬೊಟ್ಟಿಟ್ಟಿದ್ದೆ. ವಾರ ಕಳೆದು ನಿಮ್ಮ ತಂಗಿ ಶಾಲಿನಿ ಮತ್ತು ಅವಳ ಗಂಡ ಊಟಕ್ಕೆ ಬಂದ ದಿನ ನೀವು ಗ್ಯಾರೇಜಿನಲ್ಲಿ ಕೂತು ಆ ಕುಂಕುಮವನ್ನು ತಿಕ್ಕಿ ತಿಕ್ಕಿ ಅಳಿಸುತ್ತಿದ್ದಿರಿ. ಅವರ ಎದುರಿಗೇ ಕೂಗಾಡಿದೆ: "ಕೆಲಸ ಹೋಗಿದ್ದು ಸಾಲ್ದು ಅಂತ ದೇವರ ಕುಂಕುಮಾನೂ ಅಳಿಸ್ತಿದೀರಾ? ಇಂಥ ಕೈಗೆ ಯಾರು ಕೆಲಸ ಕೊಡ್ತಾರೆ?"

ನೀವು ಮುಂದಿನ ವಾರ ಯಂತ್ರ ಮಾರಿದಿರಿ. ಎರಡು ತಿಂಗಳಿಗೆ ಹೊಸ ಕೆಲಸ ಸಿಕ್ಕಿತು, ಅಪಾರ್ಟ್‌ಮೆಂಟ್ ಹಿಡಿದು ಹೋದಿರಿ. "ತುಕ್ಕು ಹಿಡಿದಿದೆ ಕಣೇ" ಎಂದು ಒಂದೇ ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ಆ ಸಿಟ್ಟು ನನಗೆ ಈಗಲೂ ಇದೆ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದವಳು ನಾನು. ತಪ್ಪು ನನ್ನದು, ಕ್ಷಮಿಸಿ. ಬರೆಯುವುದಕ್ಕೆ ಎರಡು ಸಾಲು. ಇಷ್ಟು ದಿನ ಕೈಗೆ ಬರಲಿಲ್ಲ.

ನಾಲ್ಕೂ ಬೊಟ್ಟನ್ನು ಉಜ್ಜಿ ತೆಗೆದು ಮೇಣ ತಿಕ್ಕಿದ್ದೇನೆ. ದೇವರು ಮುನಿದಂತೆ ಕಾಣಲಿಲ್ಲ.

ಅಷ್ಟಾದರೂ ಹಲಗೆ ಮಾತು ಕೇಳಲಿಲ್ಲ. ಪ್ರತಿ ಸಲವೂ ಅಂಚಿನ ಕೊನೆಯ ಎರಡು ಇಂಚು ತಗ್ಗು ಬೀಳುತ್ತಿತ್ತು. ಮರ ಸರಿಯಿಲ್ಲ ಎಂದೆ, ಯಂತ್ರ ಸರಿಯಿಲ್ಲ ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! ಕೊನೆಗೆ ಉಕ್ಕಿನ ಪಟ್ಟಿ ಇಟ್ಟು ನೋಡಿದರೆ, ಹಲಗೆ ಹೊರಗೆ ಬರುವ ಕಡೆಯ ಹಾಸು ಬ್ಲೇಡಿನ ತುದಿಗಿಂತ ಕೂದಲೆಳೆಯಷ್ಟು ಕೆಳಗಿತ್ತು. ಮೂರು ಶನಿವಾರ ಅದನ್ನೇ ಎತ್ತಿದೆ, ಇಳಿಸಿದೆ, ಹಾಳು ಹಲಗೆಗಳ ಮೇಲೆ ಪರೀಕ್ಷೆ ಮಾಡಿದೆ. ನಿನ್ನೆ ಎರಡೂ ಮೇಪಲ್ ಹಲಗೆಗಳ ಅಂಚು ಹೆರೆದು, ಒಂದರ ಮೇಲೊಂದು ನಿಲ್ಲಿಸಿ ಕಿಟಕಿಗೆ ಹಿಡಿದೆ. ನಡುವೆ ಎಲ್ಲೂ ಬೆಳಕು ತೂರಲಿಲ್ಲ. ಗ್ಯಾರೇಜಿನಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿಕೊಂಡೆ. ಬೆರಳು ಹತ್ತೂ ಇವೆ ಎಂದು ವಹಾಬ್ ಅವರಿಗೆ ತೋರಿಸಿಯೂ ಬಂದೆ.

ಈಗ ಮುಖ್ಯ ವಿಷಯ. ಮದುವೆಗೆ ಅತಿಥಿಯಂತೆ ಬಂದು ಊಟ ಮಾಡಿ ಹೋಗುತ್ತೇನೆ, ಧಾರೆಗೆ ನನ್ನ ಪಕ್ಕ ಕೂರುವುದಿಲ್ಲ ಎಂದು ಶರ್ವಾಣಿಗೆ ಹೇಳಿದ್ದೀರಂತೆ. ಅವಳು ಎಂದಿನಂತೆ ಇಂಗ್ಲಿಷಿನಲ್ಲಿ, ನೀವಿಬ್ಬರೂ ಕೂತು ಧಾರೆ ಎರೆಯದಿದ್ದರೆ ಕೋರ್ಟಿನಲ್ಲಿ ಸಹಿ ಹಾಕಿ ಮುಗಿಸುತ್ತೇನೆ ಎಂದಳು. ಹಠದಲ್ಲಿ ಅವಳು ನನ್ನ ಮಗಳೇ. ಹೇಳಿದ ಹಾಗೆ ಮಾಡುತ್ತಾಳೆ.

ಆದ್ದರಿಂದ ನೀವು ಬರಬೇಕು, ಬಂದು ಕೂರಬೇಕು. ನಾನು ಬೈದದ್ದು ಶಾಲಿನಿಯ ಎದುರಿಗೆ. ಧಾರೆಗೆ ಮೊದಲು ಅವಳ ಎದುರಿಗೇ ನಿಮ್ಮನ್ನು ಕ್ಷಮೆ ಕೇಳುತ್ತೇನೆ. ಅವಳಿಗೆ ಫೋನ್ ಮಾಡಿ ಹೇಳಿಯೂ ಆಗಿದೆ. ಜೂನ್ 22ರ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹಲಗೆ ಅಂಟಿಸುತ್ತೇನೆ. ನೀವು ಬಂದರೆ ಎರಡು ಕೈ ಜಾಸ್ತಿ. ಬರದಿದ್ದರೂ ಅಂಟಿಸುತ್ತೇನೆ.

ಇಂತು,
ಶಾಮಲಾ

ತಾ.ಕ.: ಹಸೆಮಣೆಗೆಂದೇ ಯಂತ್ರ ಕೊಂಡೆ ಎಂದು ಮೇಲೆ ಬರೆದದ್ದು ಸುಳ್ಳು. ಮದುವೆ ನಿಶ್ಚಯವಾದದ್ದು ಮೇ ತಿಂಗಳಲ್ಲಿ. ಯಂತ್ರ ಬಂದದ್ದು ಮಾರ್ಚ್‌ನಲ್ಲಿ. ಗ್ಯಾರಂಟಿ ಕಾರ್ಡನ್ನು ಅಂದೇ ತುಂಬಿದೆ. ಮಾಲೀಕರ ಹೆಸರು ಎಂದಿದ್ದ ಕಡೆ ಬರೆದಿರುವುದು ನಿಮ್ಮ ಹೆಸರು, ಬದರಿನಾಥ ಎಂದು.