ತಾಯಿ ಮಗಳಿಗೆ

ಭಾನುವಾರ, ತಾರೀಕು ಹನ್ನೊಂದು

ಪ್ರೀತಿಯ ಅಕ್ಕ,

ಹೇಗಿದ್ದೀಯ? ಬೈಯಬೇಡ, ನಿನ್ನ ಮೆಸೇಜು ಬಂದು ಹತ್ತು ದಿನವಾಯಿತು ಅಂತ ಗೊತ್ತು. ದಿನಾ ಟೈಪ್ ಮಾಡುತ್ತೇನೆ, ಅಳಿಸುತ್ತೇನೆ. ನನ್ನ ಹೆಸರಿನ ಕೆಳಗೆ 'ಟೈಪಿಂಗ್' ಅಂತ ಬಂದು ಬಂದು ಮಾಯವಾಗುವುದನ್ನು ನೀನೂ ನೋಡಿರುತ್ತೀಯ. ಹಾಳೆಯ ಮೇಲಾದರೆ ಹೊಡೆದು ಹಾಕಿದ್ದೂ ಕಾಣುತ್ತದಲ್ಲ, ಅದಕ್ಕೇ ಈ ಕಾಗದ. ಅಕ್ಷರ ನೋಡಿ ನಗಬೇಡ.

ನಿಘಂಟು ಕಚೇರಿಯ ಕೆಲಸ ಸೂಪರ್. ದೊಡ್ಡ ಮೇಷ್ಟ್ರಿಗೆ ನಾನು ಪಕ್ಕಾ ಫ್ಯಾನ್! ಯಾವ ಪದ ಯಾವ ಪೆಟ್ಟಿಗೆಯಲ್ಲಿದೆ ಅಂತ ಕುಳಿತಲ್ಲಿಂದಲೇ ಹೇಳುತ್ತಾರೆ, ತಮ್ಮ ಚಹಾ ಲೋಟ ಎಲ್ಲಿದೆ ಅಂತ ಮಾತ್ರ ನಾವು ಹೇಳಬೇಕು. ಇಲ್ಲೊಂದು ಕಟ್ಟುನಿಟ್ಟಿದೆ. ಪದದ ಪ್ರತಿ ಅರ್ಥಕ್ಕೂ ಜನ ನಿಜವಾಗಿ ಆಡಿದ ಒಂದು ವಾಕ್ಯ ಬೇಕು. ಅದನ್ನು ಅಂಗೈಯಗಲದ ಚೀಟಿಯಲ್ಲಿ ಬರೆದು, ಕೆಳಗೆ ಯಾರು ಯಾರಿಗೆ ಹೇಳಿದರು ಅಂತ ಬರೆಯಬೇಕು. ಹೆಸರು ಬೇಡ. ಡ್ರೈವರು ಕಂಡಕ್ಟರಿಗೆ, ಅತ್ತೆ ಸೊಸೆಗೆ, ಅಷ್ಟು ಸಾಕು. ಅದಿಲ್ಲದ ಚೀಟಿ ಸೀದಾ ಬುಟ್ಟಿಗೆ.

ನನಗೆ ಸಿಕ್ಕ ಪದ 'ಭ್ರಷ್ಟ'.

ಎಷ್ಟು ಚೀಟಿಗಳು ಅಂತೀಯ! ಪಟ್ಟ ಕಳೆದುಕೊಂಡ ರಾಜ ಪದಭ್ರಷ್ಟ. ಕೊಟ್ಟ ಮಾತು ತಪ್ಪಿದವನು ವಚನಭ್ರಷ್ಟ. ಹೆಂಗಸಿಗೆ ಅಂದರೆ ಮಾತ್ರ ಅದೇ ಪದ ನೇರ ಶೀಲದ ಮೇಲೆ ಬೀಳುತ್ತದೆ. ಈಗಿನ ಪೇಪರುಗಳಲ್ಲಂತೂ ಲಂಚ ತಿಂದವರನ್ನು ಬಿಟ್ಟು ಬೇರೆ ಯಾರೂ ಭ್ರಷ್ಟರೇ ಅಲ್ಲ. ಆ ಕಟ್ಟಿನಲ್ಲಿ ನಮ್ಮಪ್ಪನೂ ಇದ್ದಾರೆ ಅಕ್ಕ. 'ಬ್ರೇಕ್ ಕೆಟ್ಟ ಬಸ್ಸಿಗೆ ಸರಿಯಿದೆಯೆಂದು ಸಹಿ ಹಾಕಿದ ಭ್ರಷ್ಟ ಅಧಿಕಾರಿ.' ಯಾರೋ ನೀಟಾಗಿ ಕತ್ತರಿಸಿ ಅಂಟಿಸಿದ್ದಾರೆ.

ನಾನೂ ಒಂದು ಚೀಟಿ ಸೇರಿಸಿದೆ. ನೀನು ಅಪ್ಪನ ವಿರುದ್ಧ ಸಾಕ್ಷಿ ಹೇಳಿದ ದಿನ ಅಮ್ಮನ ಫೋನಿನಿಂದ ನಿನಗೆ ಬಂದ ಮೆಸೇಜು: 'ಹೆತ್ತಪ್ಪನನ್ನೇ ಹಿಡಿದುಕೊಟ್ಟ ಭ್ರಷ್ಟೆ ನೀನು, ಮನೆಗೆ ಬರಬೇಡ.' ಅದನ್ನು ಓದಿ ತಾನೇ ನೀನು ಎರಡು ವರ್ಷದಿಂದ ಅಮ್ಮನ ಜೊತೆ ಮಾತು ಬಿಟ್ಟಿರುವುದು? ನಿಜ ಹೇಳಿದವಳಿಗೂ ಈ ಪದ ಅಂಟುತ್ತದೆ ಅಂತ ತೋರಿಸಲು ನನಗೆ ಬೇರೆ ವಾಕ್ಯ ಸಿಗಲಿಲ್ಲ.

ಮೇಷ್ಟ್ರು ಓದಿ, ಚೀಟಿಯ ಕೆಳತುದಿಗೆ ಬೆರಳಿಟ್ಟರು.

"ಯಾರಮ್ಮ ಇದನ್ನ ಹೇಳಿದ್ದು? ಕೆಳಗೆ ಖಾಲಿ ಬಿಟ್ಟಿದೀಯಲ್ಲ."

"ತಾಯಿ, ಸಾರ್. ಮಗಳಿಗೆ."

"ನಿಂಗೆ ಹೇಗೆ ಗೊತ್ತು? ಅವರಿವರು ಹೇಳಿದ್ದು ತಂದು ತುರುಕಬೇಡ."

"ನಾನು ಅಲ್ಲೇ ಇದ್ದೆ ಸಾರ್."

"ಹಾಗಾದ್ರೆ ಬರಿ. ಶುಕ್ರವಾರ ಅಚ್ಚಿಗೆ ಹೋಗತ್ತೆ. ಒಂದ್ಸಲ ಅಚ್ಚಾದ್ರೆ, ನಾವೆಲ್ಲ ಹೋದ್ಮೇಲೂ ಈ ಮಾತು ಆ ತಾಯಿ ತಲೆ ಮೇಲೇ ಇರತ್ತೆ, ತಿಳ್ಕೋ."

ಬರೆದೆ. 'ತಾಯಿ ಮಗಳಿಗೆ.'

ಮನೆಯ ಕಡೆ ಎಲ್ಲ ಹಾಗೇ ಇದೆ. ಅಪ್ಪ ಬೀದಿಯಲ್ಲಿ ನಿಲ್ಲಿಸಿದ ಸ್ಕೂಟರುಗಳ ಬ್ರೇಕು ಒತ್ತಿ ನೋಡುತ್ತಾ ನಡೆಯುತ್ತಾರೆ, ಯಾರೂ ಕೇಳದಿದ್ದರೂ. ಅಮ್ಮ ದಿನಾ "ಅವಳು ಏನಾದ್ರೂ ಕಳ್ಸಿದ್ಲೇನೇ?" ಅನ್ನುತ್ತಾಳೆ. ನೀನು ನನಗೆ ಕಳಿಸಿದ ನಗುವ ಮುಖದ ಬೊಂಬೆ ತೋರಿಸಿದೆ. ಎಷ್ಟೋ ಹೊತ್ತು ನೋಡಿ, "ಸೊರಗಿದಾಳೇನೋ" ಅಂದಳು. ಬೊಂಬೆಯನ್ನು ನೋಡಿ!

ಹೊತ್ತಿಗೆ ಸರಿಯಾಗಿ ಊಟ ಮಾಡು. ಚಿಕ್ಕವಳು ದೊಡ್ಡವಳನ್ನು ಹರಸಬಾರದೇನೋ, ಆದರೂ ಹರಸಿದ್ದೇನೆ, ಚೆನ್ನಾಗಿರು.

ನಿನ್ನ
ಪಿಟೀಲು

ತಾ.ಕ.: ಅಮ್ಮನ ಫೋನಿನ ಆ ಮೆಸೇಜು ಟೈಪ್ ಮಾಡಿದ್ದು ನಾನು, ಅಕ್ಕ. ಅವತ್ತು ಕಾಲೇಜಿನ ಗ್ರೂಪಿನಲ್ಲೆಲ್ಲ ಅಪ್ಪನ ಫೋಟೋ ಓಡಾಡುತ್ತಿತ್ತು. ನನ್ನ ಫೋನಿನಿಂದ ಕಳಿಸುವ ಧೈರ್ಯವಿರಲಿಲ್ಲ, ಅಮ್ಮನದು ಅಡುಗೆ ಕಟ್ಟೆಯ ಮೇಲಿತ್ತು. ಸಂಜೆ ಅಮ್ಮ ನೋಡಿದಳು. ಬೈಯಲಿಲ್ಲ. "ನಾನೇ ಅಂದೆ ಅಂದ್ಕೊಂಡಿರ್ಲಿ ಬಿಡು. ಅವಳಿಗೆ ಈ ಮನೇಲಿ ನೀನೊಬ್ಬಳಾದ್ರೂ ಉಳೀಬೇಕಲ್ಲೇ" ಅಂದಳು. ನಾಳೆ ಮೇಷ್ಟ್ರ ಮುಂದೆ ನಿಂತು ಚೀಟಿ ತಿದ್ದಿಸುತ್ತೇನೆ. ನೀನು ಅಮ್ಮನಿಗೆ ಒಂದು ಫೋನ್ ಮಾಡು. ಆಮೇಲೆ ಬೇಕಾದರೆ ನನ್ನನ್ನು ಬ್ಲಾಕ್ ಮಾಡು.