ತುಂಬುತೋಳಿನ ಅಂಗಿ

ಕಾಚಿಗೂಡ, ಹೈದರಾಬಾದ್
೧೪ ಜೂನ್ ೧೯೮೭

ಪ್ರೀತಿಯ ತಂಗಿ ಶಿವದೇವಿಗೆ,

ನಿನ್ನ ಅಣ್ಣ ಅಮರೇಶಪ್ಪನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ, ವಾಡಿಯಲ್ಲಿ ನೀವೂ ಹಾಗೇ ಇದ್ದೀರಿ ಎಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಇಪ್ಪತ್ತಮೂರು ದಿನವಾಯಿತು. ಕನ್ನಡಕದ ಕಾಲು ಮುರಿದಿತ್ತು, ಅದಕ್ಕೇ ತಡವಾಯಿತು ಎಂದು ಬರೆಯೋಣ ಅಂದುಕೊಂಡೆ. ಮುರಿದದ್ದು ನಿಜ, ಆದರೆ ಎರಡೇ ದಿನದಲ್ಲಿ ರಿಪೇರಿಯಾಯಿತು. ಉಳಿದ ದಿನಗಳಿಗೆ ನೆಪ ಸಿಗುತ್ತಿಲ್ಲ. ಕ್ಷಮಿಸಿಬಿಡು.

ನಿನ್ನ ಅತ್ತಿಗೆ ನೀಲಾಳಿಗೆ ಮೊಣಕಾಲು ನೋವು ಹೆಚ್ಚಾಗಿದೆ. ನಳದಲ್ಲಿ ದಿನ ಬಿಟ್ಟು ದಿನ ನೀರು. ಪಕ್ಕದ ಮನೆಯ ತೆಲುಗಮ್ಮ ಈ ಸಲವೂ ಒಂದು ಭರಣಿ ಆವಕಾಯ ಉಪ್ಪಿನಕಾಯಿ ಕೊಟ್ಟಿದ್ದಾಳೆ. ನನ್ನ ಹೊಟ್ಟೆಗೆ ಅದು ಆಗುವುದಿಲ್ಲವೆಂದು ನೀಲಾ ಅದನ್ನು ಮೇಲಿನ ಮಾಡದಲ್ಲಿ ಇಟ್ಟಿದ್ದಾಳೆ. ನಿವೃತ್ತನಾದ ಗಂಡಸಿಗೆ ಮನೆಯಲ್ಲಿ ಎಷ್ಟು ಬೆಲೆ ಎಂಬುದು ಇದರಿಂದಲೇ ತಿಳಿಯುತ್ತದೆ.

ಇನ್ನು ನಿನ್ನ ಪ್ರಶ್ನೆ. ಆಗ ನಮ್ಮ ಕೂಸಿಗೆ ಎರೆಯುತ್ತಿದ್ದ ಗುರುಬಾಯಿ ನಿಮ್ಮೂರಿಗೆ ಮಗಳ ಮನೆಗೆ ಬಂದಿದ್ದಾಳೆ, ಕೋಲು ಊರಿಕೊಂಡು ನಿನ್ನ ಅಂಗಳದ ತನಕ ನಡೆದು ಬಂದಳು, ನೀನು ಬಾಗಿಲಲ್ಲೇ ನಿಂತು ಒಂದು ತಂಬಿಗೆ ನೀರು ಕೂಡ ಕೊಡದೆ ಕಳಿಸಿದೆ ಎಂದು ಬರೆದಿದ್ದೀ. 'ಅವ್ವಾರ, ಆವತ್ತು ನನ್ ಮೈಮ್ಯಾಲ ಏನೂ ಇದ್ದಿದ್ದಿಲ್ಲ, ಸಾಯೋಕಿಂತ ಮೊದ್ಲು ನೀವು ಒಂದು ಮಾತು ನಂಬ್ರಿ' ಎಂದಳಂತೆ. ಅಂದಿನಿಂದ ನಿನಗೆ ನಿದ್ದೆಯಿಲ್ಲ. 'ಅಣ್ಣಾ, ನೀ ಹೈದರಾಬಾದಿನ ಗಲ್ಲಿ ಗಲ್ಲಿ ತಿರುಗಿ ಮಂದಿಗೆ ದೇವಿ ಹಾಕಿದಾಂವ. ಮೈಮ್ಯಾಲ ಏನೂ ಇಲ್ಲದಾಕಿ ಸಿಡುಬು ತರಬಹುದೇನು, ಖರೇ ಹೇಳು' ಎಂದು ಕೇಳಿದ್ದೀ.

ನಾನು ದೇವಿ, ಅಂದರೆ ಸಿಡುಬಿನ ಲಸಿಕೆ, ಹಾಕುತ್ತಿದ್ದವನು, ಡಾಕ್ಟರನಲ್ಲ. ಅದಕ್ಕೇ ತಿಳಿದವರನ್ನು ಕೇಳಿದೆ. ಹೋದ ವಾರ ಅಬಿಡ್ಸ್ ಹತ್ತಿರದ ಒಂದು ಸಭಾಂಗಣದಲ್ಲಿ ಡಾಕ್ಟರ್ ನರಹರಿಯವರ ಭಾಷಣವಿತ್ತು. ನಮ್ಮ ಗುಲ್ಬರ್ಗಾ ಕಡೆಯವರು, ಸಿಡುಬು ನಿಂತ ಮೇಲೆ ಆಫ್ರಿಕಾದ ಕಾಡಿನ ಊರುಗಳಲ್ಲಿ ನಾಲ್ಕು ವರ್ಷ ಕೆಲಸ ಮಾಡಿದವರು. ಅಲ್ಲಿ ಮಂಗನ ಸಿಡುಬು ಎಂಬ ರೋಗವಿದೆಯಂತೆ, ನಮ್ಮ ಸಿಡುಬಿನ ದಾಯಾದಿ. ಭಾಷಣ ಮುಗಿದು ಎಲ್ಲರೂ ಚಹಾಕ್ಕೆ ಎದ್ದಾಗ ನಾನು ಅವರನ್ನು ಹಿಡಿದೆ. ಕನ್ನಡ ಕೇಳಿ ಅವರಿಗೂ ಖುಷಿಯಾಯಿತು.

"ಮನ್ಯಾಗ ಒಬ್ಬರಿಗೆ ಬಂತು ಅಂದ್ರ ಉಳಿದವರ ರಕ್ತ ತಗದು ನೋಡಿದ್ವಿ, ಅಮರೇಶಪ್ಪನವರ," ಎಂದರು. "ಜ್ವರ ಇಲ್ಲ, ಗುಳ್ಳಿ ಇಲ್ಲ, ಉಂಡು ತಿಂದು ಅಡ್ಡಾಡಾಕತ್ತಾರ. ಆದ್ರ ರಕ್ತದಾಗ ರೋಗ ಬಂದು ಹೋದ ಗುರುತು ಐತಿ. ಅಂಥವರು ನಾವು ತಿಳಕೊಂಡಿದ್ದಕ್ಕಿಂತ ಭಾಳ ಮಂದಿ. ದೇವಿ ಹಾಕಿಸಿಕೊಂಡವರಾಗ ಇನ್ನೂ ಹೆಚ್ಚು."

"ಎಷ್ಟು ಮಂದಿ ಇರಬಹುದ್ರಿ ಸಾಹೇಬ್ರ?"

"ಹ್ಯಾಂಗ ಹೇಳ್ಲಿ? ಏನೂ ಆಗದಾಂವ ದವಾಖಾನಿಗೆ ಯಾಕ ಬರ್ತಾನ? ಹುಡಿಕ್ಕೊಂಡು ಹೋದ್ರಷ್ಟs ಸಿಗ್ತಾರ."

ನೋಡು ತಂಗಿ, ಇಷ್ಟು ದೊಡ್ಡವರೇ ಹೀಗೆ ಹೇಳುವಾಗ ಅರವತ್ತಮೂರನೇ ಇಸವಿಯಲ್ಲಿ ನಮಗೇನು ತಿಳಿದಿತ್ತು? ಆಗ ನೀವು ಇಲ್ಲೇ ಕಾಚಿಗೂಡದ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದಿರಿ. ನನ್ನ ಡ್ಯೂಟಿಯಿಂದಾಗಿ ನಿನ್ನ ಕೂಸು ಚೆನ್ನುವಿನ ಜವಳ ಎರಡು ಸಲ ಮುಂದಕ್ಕೆ ಹೋಗಿತ್ತು. ಸೋದರಮಾವನಿಲ್ಲದೆ ಕೂಸಿನ ಮೊದಲ ಕೂದಲು ತೆಗೆಯುವಂತಿಲ್ಲ. 'ಜವಳ ಆಗೋತನಕ ಕೂಸಿನ ಮೈಗೆ ಕಬ್ಬಿಣ ಮುಟ್ಟಸಬಾರ್ದು, ಇದು ನಮ್ಮ ಮನಿ ಪದ್ಧತಿ' ಎಂದು ನಿನ್ನ ಅತ್ತೆ ಶರಣಬಸಮ್ಮನವರು ಹಟ ಹಿಡಿದಿದ್ದರು. ಆಯಿತು, ಜವಳ ಮುಗಿದ ಮರುವಾರ ನಾನೇ ದೇವಿ ಹಾಕುತ್ತೇನೆ ಎಂದು ಒಪ್ಪಿಕೊಂಡೆ. ಊರಿನ ಮಕ್ಕಳನ್ನೆಲ್ಲ ಮಂಚದ ಕೆಳಗಿನಿಂದ ಎಳೆದು ಚುಚ್ಚುತ್ತಿದ್ದವನು ನನ್ನ ಅಳಿಯನನ್ನು ಮಾತ್ರ ಬಿಟ್ಟಿದ್ದೆ.

ಆ ದಿನ ನಿನಗೆ ನೆನಪಿರಬೇಕು. ಮೇ ತಿಂಗಳ ಸುಡು ಬಿಸಿಲಿನಲ್ಲಿ ನಾನು ತುಂಬುತೋಳಿನ ಅಂಗಿ ತೊಟ್ಟು, ಮಣಿಕಟ್ಟಿನ ತನಕ ಗುಂಡಿ ಹಾಕಿಕೊಂಡು ಬಂದಿದ್ದೆ. 'ಜವಳ ಕೂಸಿಂದೋ, ಲಗ್ನ ನಿಂದೋ?' ಎಂದು ನೀನು ಎಲ್ಲರ ಮುಂದೆ ನಕ್ಕೆ. ಚೆನ್ನು ನನ್ನ ತೊಡೆಯ ಮೇಲೆ ಒಂದಿಷ್ಟೂ ಅಳದೆ ಕೂತಿದ್ದ. ಕತ್ತರಿ ಕಿವಿಯ ಹತ್ತಿರ ಬಂದಾಗಲೂ ಅವನ ಗಮನವೆಲ್ಲ ನನ್ನ ತೋಳಿನ ಗುಂಡಿಯ ಮೇಲೆ. ಅದನ್ನು ಬಾಯಿಗೆ ಹಾಕಿಕೊಂಡು, ಹೊಸದಾಗಿ ಬಂದಿದ್ದ ಎರಡು ಹಲ್ಲಿನಿಂದ ಕಚ್ಚಿ, ಅಂಗಿಯ ಅಂಚನ್ನೆಲ್ಲ ಜೊಲ್ಲಿನಿಂದ ತೋಯಿಸಿಬಿಟ್ಟ. ಆ ತೇವ ಈಗಲೂ ಒಮ್ಮೊಮ್ಮೆ ಕೈಗೆ ತಾಗಿದಂತಾಗುತ್ತದೆ.

ಹನ್ನೆರಡನೇ ದಿನ ಅವನಿಗೆ ಜ್ವರ ಬಂತು. ಅವನನ್ನು ಮಣ್ಣು ಮಾಡುವ ತನಕದ ಮುಂದಿನದನ್ನು ನಿನಗೆ ನಾನು ಬರೆಯಬೇಕಾಗಿಲ್ಲ.

ಆದರೆ ಗುರುಬಾಯಿಯ ಸಂಗತಿ ಬರೆಯಲೇಬೇಕು. ಮಗುವಿಗೆ ಎಣ್ಣೆ ಹಚ್ಚಿ ಎರೆಯುತ್ತಿದ್ದವಳು ಅವಳು. ಅವಳ ಗಲ್ಲಿಯಲ್ಲಿ ಆಗ ಸಿಡುಬು ಇತ್ತು. 'ಈಕೀನs ತಂದಾಳ!' ಎಂದು ಶರಣಬಸಮ್ಮನವರು ಕೂಗಿದಾಗ ನೀನು ಒಳಗೆ ಕೂಸಿನ ಹತ್ತಿರ ಇದ್ದೆ, ನೋಡಲಿಲ್ಲ. ನಾನು ನೋಡಿದೆ. ಗುರುಬಾಯಿ ಅಂಗಳದ ನಡುವೆ ನಿಂತು ಕುಪ್ಪಸದ ತೋಳನ್ನು ಭುಜದ ತನಕ ಸರಿಸಿ, ಎರಡೂ ಕೈಗಳನ್ನು ಚಾಚಿ, 'ಒಂದು ಗುಳ್ಳಿ ತೋರಸ್ರಿ, ಒಂದs ಒಂದು ತೋರಸ್ರಿ' ಎಂದಳು. ನಾನೇ ಹಾಕಿದ ದೇವಿಯ ಗುರುತು ಬಿಟ್ಟರೆ ಆ ಕೈಗಳ ಮೇಲೆ ಏನೂ ಇರಲಿಲ್ಲ. ನಿನ್ನ ಅತ್ತೆ ನನ್ನ ಕಡೆ ತಿರುಗಿ, 'ನೀವು ಹೇಳ್ರಿ. ಗುಳ್ಳಿ ಇಲ್ಲದಾಕಿನೂ ತರಬಹುದೇನು?' ಎಂದರು.

'ತರಬಹುದ್ರಿ' ಎಂದೆ.

ಅಷ್ಟೇ ಮಾತು. ಅವಳ ಬಟ್ಟೆಯ ಗಂಟು ಬೀದಿಗೆ ಬಿತ್ತು. ಆಮೇಲೆ ಆ ಸಾಲಿನ ಯಾವ ಮನೆಯಲ್ಲೂ ಅವಳಿಗೆ ಕೂಸು ಎರೆಯುವ ಕೆಲಸ ಸಿಗಲಿಲ್ಲ.

ಈಗ ನರಹರಿಯವರ ಮಾತು ಕೇಳಿದೆಯಲ್ಲ. ತಿಳಿಯದೆ ಬಂದು ತಿಳಿಯದೆ ಹೋಗುವ ರೋಗ ಯಾರ ಮೈಯಲ್ಲಿ ಇತ್ತೋ ಯಾರು ಬಲ್ಲರು? ಅವಳಿರಬಹುದು, ಹಾಲಿನವನಿರಬಹುದು, ಜವಳಕ್ಕೆ ಬಂದ ನೆಂಟರಿರಬಹುದು. ಯಾರ ತಪ್ಪೂ ಅಲ್ಲವೆಂದು ಸಮಾಧಾನ ತಂದುಕೋ. ಗುರುಬಾಯಿ ಇನ್ನೊಮ್ಮೆ ಬಂದರೆ ಒಳಗೆ ಕರೆದು ನೀರು ಕೊಡು.

ನಿನ್ನ ಮಾವನವರಿಗೆ ನಮಸ್ಕಾರ ತಿಳಿಸು. ರಾತ್ರಿ ಮಜ್ಜಿಗೆ ಬೇಡವೆಂದು ನೀಲಾ ಅವರಿಗೆ ಹೇಳಿಕಳಿಸಿದ್ದಾಳೆ. ನಿನ್ನ ಮನಸ್ಸಿಗೆ ತಂಪಾಗಲಿ, ಮನೆ ನಗುತ್ತಿರಲಿ.

ನಿನ್ನ ಅಣ್ಣ,
ಅಮರೇಶಪ್ಪ

ತಾ.ಕ. ಪತ್ರ ಬರೆದು ಮೂರು ದಿನವಾಯಿತು. ಅಂಟು ಹಚ್ಚದೆ ಕಪಾಟಿನ ಮೇಲೆ ಇಟ್ಟಿದ್ದೇನೆ. ಡಾಕ್ಟರನ್ನು ನಾನು ಇನ್ನೊಂದು ಪ್ರಶ್ನೆ ಕೇಳಿದ್ದೆ, ಅದನ್ನು ಮೇಲೆ ಬರೆದಿಲ್ಲ. ಏನೂ ಇಲ್ಲದವರು ಇನ್ನೊಬ್ಬರಿಗೆ ಕೊಡುತ್ತಾರೆಯೇ ಎಂದು ಕೇಳಿದೆ. "ನಾ ಅಂತೂ ಕಂಡಿಲ್ರಿ, ಇದ್ರೂ ಭಾಳ ಅಪರೂಪ," ಎಂದರು. "ದೇವಿ ಹಾಕಿಸಿಕೊಂಡು, ಮೈಮ್ಯಾಲ ಎರಡs ಗುಳ್ಳಿ ಎದ್ರ ಸೆಕಿ ಗುಳ್ಳಿ ಅಂತ ಮುಚ್ಚಿಕೊಂಡು ಅಡ್ಡಾಡ್ತಾರಲ್ಲ, ಅವರಿಗೆ ಹೆದರಬೇಕು."

ಶಿವೂ, ಜವಳಕ್ಕೆ ಮೂರು ದಿನ ಮುಂಚೆ ನನಗೆ ಒಂದು ರಾತ್ರಿ ಜ್ವರ ಬಂದಿತ್ತು. ಬಲ ಮಣಿಕಟ್ಟಿನ ಮೇಲೆ ಮೂರು ಗುಳ್ಳೆ ಎದ್ದವು. ಸಿಡುಬಿನ ವಾರ್ಡಿನಲ್ಲಿ ದಿನವೂ ನೋಡುತ್ತಿದ್ದವನಿಗೆ ಅವು ಏನೆಂದು ತಿಳಿಯದೇ ಇರಲಿಲ್ಲ. ಹೇಳಿದ್ದರೆ ನನ್ನನ್ನೂ ಅದೇ ವಾರ್ಡಿಗೆ ಹಾಕುತ್ತಿದ್ದರು, ಜವಳ ಮೂರನೇ ಸಲ ನಿಲ್ಲುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ದೇವಿ ಹಾಕಿಸಿಕೊಂಡವರಿಗೆ ಸಿಡುಬು ಬರುವುದೇ ಇಲ್ಲ ಎಂದು ಊರೆಲ್ಲ ಸಾರಿದವನು ನಾನು. ನನಗೇ ಬಂದಿದೆ ಎಂದು ಹೇಳಲು ನಾಚಿಕೆಯಾಯಿತು. ಸೆಕೆಯ ಗುಳ್ಳೆ ಎಂದು ನನಗೆ ನಾನೇ ಹೇಳಿಕೊಂಡು ತುಂಬುತೋಳಿನ ಅಂಗಿ ತೊಟ್ಟು ಬಂದೆ. ಚೆನ್ನು ಬಾಯಿಗೆ ಹಾಕಿಕೊಂಡ ಗುಂಡಿಯ ಕೆಳಗೇ ಅವು ಇದ್ದವು.

ಗುರುಬಾಯಿ ಅಂಗಳದಲ್ಲಿ ಕೈ ಚಾಚಿ ನಿಂತಾಗಲೂ ನನ್ನ ತೋಳಿನ ಗುಂಡಿ ಹಾಕಿತ್ತು.

ಅವಳಿಗೆ ನೀರು ಕೊಡು ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕು. ನೀನೇ ಅವಳ ಮಗಳ ಮನೆಗೆ ಹೋಗಿ ಈ ಕಾಗದವನ್ನು ಪೂರ್ತಿ ಓದಿ ಹೇಳು. ನಾನು ಬರಬೇಕೋ ಬೇಡವೋ ಎಂಬುದನ್ನು ನೀವಿಬ್ಬರೂ ಹೇಳಬೇಕು. ಬರಬೇಡ ಎಂದರೆ ಬರುವುದಿಲ್ಲ. ಬಾ ಎಂದರೆ ಅರ್ಧ ತೋಳಿನ ಅಂಗಿ ಹಾಕಿಕೊಂಡು ಬರುತ್ತೇನೆ. ಇಪ್ಪತ್ತನಾಲ್ಕು ವರ್ಷದಿಂದ ಅಂಥದ್ದನ್ನು ನಾನು ಹೊಲಿಸಿಲ್ಲ. ಮೂರೂ ಗುರುತುಗಳು ಇನ್ನೂ ಹಾಗೇ ಇವೆ, ಗುರುಬಾಯಿ ಕೈಯಿಂದ ಮುಟ್ಟಿ ನೋಡಲಿ.